ತಮ್ಮನ ಗಾಡಿಯ ನಡುಗಂಬ

ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲೋ, ನನಗ ಇವತ್ತಿಗೂ ಅನುಮಾನ ಐತಿ. ಉಕ್ಕಿನ ಕಾರ್ಖಾನೀ ಲ್ಯಾಬಿನ್ಯಾಗ ನಾ ಕೆಲಸಕ್ಕ ಸೇರಿದ ದಿನ ಕನ್ನಡಕದ ಮ್ಯಾಲಿಂದ ನೋಡಿ, "ಯಾವೂರವ್ವಾ ನಿಂದು?" ಅಂದ್ರು. "ತಳಕಲ್ ರಿ ಸರ" ಅಂದ್ನಿ. ಮುಗೀತು. ಅವತ್ತಿನಿಂದ ನಾ ತಳಕಲ್. "ಏ ತಳಕಲ್, ಆ ತುಣುಕು ತಾ ಇಲ್ಲಿ." "ತಳಕಲ್ ಎಲ್ಲಿ ಹಾಳಾಗಿ ಹೋತು?" ಬಾಜೂ ಟೇಬಲ್ಲಿನಂವ ಕುಷ್ಟಗಿ, ಫರ್ನೇಸ್ ನೋಡಿಕೊಳ್ಳಾಂವ ಯಲಬುರ್ಗಾ. ಮ್ಯಾನೇಜರ್ ಸಾಹೇಬ್ರು ದೂರದವ್ರು, ಅವರ ಊರಿನ ಹೆಸರು ಸರಿಗೆ ಬಾಯಿಗೆ ಬರ್ತಿದ್ದಿಲ್ಲ, ಅದಕ್ಕ ಅವರನ್ನ ಕರೀತಾನ ಇದ್ದಿಲ್ಲ. ತಾವು ಇರಕಲ್ಲಗಡದವ್ರು. ಆದ್ರ ಅವರನ್ನ "ಏ ಇರಕಲ್ಲಗಡ" ಅನ್ನೋ ಎದಿ ಯಾರಿಗೈತ್ರಿ? ನಾವೆಲ್ಲಾ ಸರ ಅಂತಿದ್ವಿ. ಇಲ್ಲೂ ಹಂಗ ಅಂತೀನಿ.

ಸರ ಹೋಗಿ ಇನ್ನೂ ವರ್ಷ ತುಂಬಿಲ್ಲ. ಸತ್ತ ಮ್ಯಾಲ ಎಲ್ಲಾರೂ ದೇವ್ರಾಗಿಬಿಡ್ತಾರ. ನಮ್ಮ ಸರನ್ನ ನಾ ಹಂಗ ಮಾಡಾಕಿ ಅಲ್ಲ. ಭಾಳ ಸಿಡುಕರು, ಹಟಮಾರಿ, ನಗೂದಂದ್ರ ಅವರಿಗೆ ವರ್ಷಕ್ಕೊಮ್ಮೆ ಬರೋ ಹಬ್ಬ. ಆದ್ರ ಅವರ ಕೊನೀ ದಿನಗಳ ಸಂಕಟ ನನಗ ಮರಿಯಾಕ ಆಗೂದಿಲ್ಲ.

ನಮ್ಮ ಕೆಲಸ ಏನಿತ್ತು ಅಂತ ಮೊದಲ ಹೇಳಬೇಕು. ಕಾರಿನ ಮುಂದಿನ ಬಾಗಿಲಕ್ಕೂ ಹಿಂದಿನ ಬಾಗಿಲಕ್ಕೂ ನಡುವೆ ಒಂದು ಕಂಬ ಇರತೈತಲ್ಲ, ಬೆಲ್ಟ್ ಜೋತುಬಿದ್ದಿರತೈತಲ್ಲ, ಸರ ಅದಕ್ಕ ನಡುಗಂಬ ಅಂತಿದ್ರು. ಬಾಜೂದಿಂದ ಲಾರಿ ಬಂದು ಗುದ್ದಿದ್ರ ಒಳಗ ಕುಂತವ್ರಿಗೂ ಆ ಲಾರಿಗೂ ನಡುವೆ ಇರೂದು ಅದೊಂದ. ಹೊರಗ ಕಾಣೂದು ಮೆತ್ತನ್ನ ತಗಡು, ಬಣ್ಣ ಹಚ್ಚಾಕ. ಖರೇ ಕಂಬ ಅದರ ಒಳಗ. ಆ ಒಳಗಿನ ಕಂಬಕ್ಕ ಉಕ್ಕಿನ ಹಾಳೀನ ಫರ್ನೇಸಿನ್ಯಾಗ ಕೆಂಪಗ ಕಾಸಿ, ಕೆಂಪು ಆರೂದ್ರಾಗ ಅಚ್ಚಿನ್ಯಾಗ ಇಟ್ಟು ಒತ್ತಬೇಕು. ಅಚ್ಚಿನ ಹೊಟ್ಟ್ಯಾಗ ತಣ್ಣೀರು ಹರೀತಿರತೈತಿ. ಆಕಾರ ಬರೂದೂ ತಣ್ಣಗಾಗೂದೂ ಎರಡೂ ಅಲ್ಲೇ. ಕಂಬಾರ ಕುಡಗೋಲು ಕಾಸಿ ನೀರಾಗ ಅದ್ದಿ ಹದ ಹಾಕ್ತಾನಲ್ಲ, ಹಂಗ. ಆ ಹದ ಬಿದ್ದ ಉಕ್ಕು ಸಾದಾ ಉಕ್ಕಿನಕಿಂತ ಎಷ್ಟೋ ಪಟ್ಟು ತಡೀತೈತಿ. ಆದ್ರ ಯಾರರ ಅದನ್ನ ತಿರುಗಿ ಕಾಸಿದ್ರೋ, ಹದ ಹೋತು. ನೋಡಾಕ ಅದ ಕಂಬ, ಒಳಗ ಜೀವ ಇಲ್ಲ.

ಗಟ್ಟಿ ಮಾಡೂದು ದೊಡ್ಡ ಮಾತಲ್ಲ, ಗಟ್ಟಿ ಮಾಡಿದ್ದು ಗಾಜಿನಂಗ ಸಿಡೀಬಾರದು, ಅದು ದೊಡ್ಡ ಮಾತು. ಇದರ ಹಿಂದ ಸರ ಇಡೀ ವಯಸ್ಸು ಸವಿಸಿದ್ರು. ತುಣುಕುಗಳನ್ನ ಬಾಗಿಸಿ ಬೋಲ್ಟ್ ಬಿಗಿದು ಒಂದು ಕಟ್ಟಿ ಮ್ಯಾಲ ಸಾಲಾಗಿ ಇಡ್ತಿದ್ವಿ. ಒತ್ತಿದಾಗ ಏನೂ ಆಗಿರೂದಿಲ್ಲ, ಮರುದಿನ, ಅದರ ಮರುದಿನ ತಾನ ತಾನ ಸೀಳ್ತೈತಿ. ಉಕ್ಕಿನೊಳಗ ಹೊಕ್ಕ ಹೈಡ್ರೋಜನ್ ಅದನ್ನ ಒಳಗಿಂದ ತಿನಕೊಂತ ಇರತೈತಿ. ಅದಕ್ಕ ಸರ ಮುಂಜಾನೆ ಬಂದವ್ರ, ನಮಸ್ಕಾರಕ್ಕ ನಮಸ್ಕಾರ ಇಲ್ಲ, ನಾಷ್ಟಾ ಆತೇನು ಅನ್ನೂ ಮಾತಿಲ್ಲ, ಬಾಗಿಲದಾಗ ನಿಂತು "ಸೀಳ್ತೇನು?" ಅಂತ ಕೇಳ್ತಿದ್ರು. ಒಂದ ಒಂದು ಸೀಳಿದ್ರೂ ಅವತ್ತೆಲ್ಲಾ ಮಾತಿಲ್ಲ ಕತಿಯಿಲ್ಲ. ಒಮ್ಮೆ ಎಲ್ಲಾ ಬರಾಬರಿ ಇದ್ದು ಒಂದು ತುಣುಕು ಸೀಳಿತ್ತು. ಮ್ಯಾಲಿನವ್ರು, "ಒಂದಕ್ಕ ಏನ್ರಿ, ಕಳಿಸಿಬಿಡೂಣು" ಅಂದ್ರು. ಸರ ಕಳಿಸಲಿಲ್ಲ. "ಆ ಒಂದು ಯಾರ ಗಾಡ್ಯಾಗ ಹೋಗ್ತೈತಿ ಅಂತ ಹೇಳ್ರಿ, ಅವರ ಮನಿಗೆ ನಾನ ಹೋಗಿ ತಿಳಿಸಿ ಬರ್ತೀನಿ" ಅಂದ್ರು. ಆ ವರ್ಷ ಆಗಬೇಕಿದ್ದ ಬಡ್ತಿ ಆಗ್ಲಿಲ್ಲ. ಅದಕ್ಕೇನು ಅವರು ಕೊರಗಲಿಲ್ಲ, ಎರಡು ದಿನ ಚಾದಾಗ ಸಕ್ರಿ ಜಾಸ್ತಿ ಹಾಕಿಸಿಕೊಂಡು ಕುಡಿದ್ರು, ಅಷ್ಟ.

ಮದಿವಿ ಮನಿಗೆ ಅವರನ್ನ ಕರೀಬಾರದಿತ್ತು. ಮಂದಿ ಅಕ್ಷತಿ ಹಾಕಾಕ ಒಳಗ ಹೊಂಟ್ರ ಇವರು ಹೊರಗ ನಿಂತ ಕಾರುಗಳನ್ನ ಬೆರಳಿಲೆ ಕುಟ್ಟಿ ನೋಡ್ಕೊಂತ ಅಡ್ಡಾಡ್ತಿದ್ರು. "ಹಿಂದ ಕುಂತವ್ರು ಬೆಲ್ಟ್ ಹಾಕ್ಕೊಂಡಿದ್ರೇನ್ರಿ?" ಅಂತ ಬೀಗರನ್ನ ತಡದು ಕೇಳ್ತಿದ್ರು. ನಮ್ಮ ಅಕ್ಕನ ಮಗಳ ಮದಿವ್ಯಾಗ ಮದುಮಗಳು ಗಂಡನ ಮನಿಗೆ ಹೊಂಟು ಗಾಡಿ ಹತ್ತಿದ್ರ, ಇವರು ಕಿಟಕಿಯೊಳಗ ತಲಿ ಹಾಕಿ, "ಯವ್ವಾ, ತಲಿ ಆ ಕಂಬಕ್ಕ ಆನಿಸಿ ಮಲಗಬ್ಯಾಡ" ಅಂದ್ರು. ಅಳಾಕತ್ತಿದ್ದ ಹುಡುಗಿ ಗಾಬರ್ಯಾಗಿ ಅಳೂದ ಬಿಡ್ತು. ನಮ್ಮ ಅಕ್ಕ, "ಯಾವ ಅಪಶಕುನ ಕರ್ಕೊಂಡು ಬಂದಿಯವ್ವಾ" ಅಂತ ನನಗ ಬೈದ್ಲು.

ಅವರಿಗೆ ಇನ್ನೊಂದು ನೋವಿತ್ತು. ಮುಂಜಾನೆ ನಮ್ಮ ಬಸ್ಸು ಕಾರ್ಖಾನೀಗೆ ಹೋಗೂವಾಗ ನಾಟಿಗೆ ಹೊಂಟ ಹೆಣ್ಮಕ್ಕಳು ಟಂಟಂ ಆಟೋ ತುಂಬ ತುಂಬಿಕೊಂಡು, ಕಾಲು ಹೊರಗ ಬಿಟ್ಟು, ಹಿಂದಿನ ಕಬ್ಬಿಣಕ್ಕ ಜೋತುಬಿದ್ದು ಹೋಗ್ತಿದ್ರು. ನಗ್ತಿದ್ರು, ಬೈದಾಡ್ತಿದ್ರು, ಎಲಿ ಅಡಿಕಿ ಹಾಕ್ಕೊಂತಿದ್ರು. ಸರ ಮುಖ ಈ ಕಡಿ ತಿರುಗಿಸಿಬಿಡ್ತಿದ್ರು. ಒಂದಿನ ನನಗ ಅಂದ್ರು: "ತಳಕಲ್, ನಾ ಮಾಡಿದ್ದೆಲ್ಲಾ ಕಾರಿನವ್ರಿಗೆ ಆತವ್ವಾ. ಇವರಿಗೆ ಏನು ಮಾಡಿದ್ನಿ?" ನನಗ ಸಿಟ್ಟು ಬಂತು. "ಎಲ್ಲಾ ನೀವ ಮಾಡಬೇಕೇನ್ರಿ ಸರ, ಸರಕಾರ ಯಾಕೈತಿ?" ಅಂದ್ನಿ.

ಸರ ಮದಿವಿ ಆಗಿದ್ದಿಲ್ಲ. ಕೊಪ್ಪಳದಾಗ ಒಂದು ಬಾಡಗಿ ಮನಿ, ಗಂಗಾವತಿಯಾಗ ತಮ್ಮನ ಮನಿ. ಅಪ್ಪ ಸತ್ತಾಗ ತಮ್ಮ ಇನ್ನೂ ಸಾಲಿಗೆ ಹೋಗ್ತಿದ್ದ. ಓದಿಸಿದವ್ರು, ಗೊಬ್ಬರದ ಅಂಗಡಿ ಹಾಕಿಸಿಕೊಟ್ಟವ್ರು, ಹೆಣ್ಣು ನೋಡಿ ಲಗ್ನ ಮಾಡಿದವ್ರು ಎಲ್ಲಾ ಇವರ. ತಮ್ಮನೂ ಅಣ್ಣ ಅಂದ್ರ ಜೀವ ಬಿಡಾಂವ. ಪ್ರತಿ ಐತಾರ ಸರ ಗಂಗಾವತಿಗೆ ಹೋಗಬೇಕು, ತಮ್ಮನ ಹೆಂಡ್ತಿ ಮಾಡಿದ ಎಣ್ಣಿಗಾಯಿ ಉಣ್ಣಬೇಕು, ಆಕಿ ಮಗಳ ಕಡಿಂದ "ದೊಡ್ಡಪ್ಪಾ" ಅನ್ನಿಸಿಕೊಳ್ಳಬೇಕು. ಸೋಮವಾರ ಮುಂಜಾನೆ ಅವರ ಮಾರಿ ಜರಾ ಮೆತ್ತಗ ಇರ್ತಿತ್ತು, ರಜಾ ಕೇಳೂದಿದ್ರ ನಾವು ಅವತ್ತ ಕೇಳ್ತಿದ್ವಿ. ಅವರಿಗೆ ಲೋಕದಾಗ ಇದ್ದದ್ದು ಆ ಉಕ್ಕು ಮತ್ತ ಈ ತಮ್ಮ. ತಮ್ಮ ಕಾರು ತಗೊಳ್ಳೂವಾಗಲೂ ಇವರ ನಿಂತು, ನಮ್ಮ ಉಕ್ಕು ಹೋಗಿದ್ದ ಗಾಡೀನ ಕೊಡಿಸಿದ್ರು.

ಆ ಗಾಡಿಗೆ ಕಾರಟಗಿ ರಸ್ತ್ಯಾಗ ನೆಲ್ಲು ತುಂಬಿದ ಲಾರಿ ಬಾಜೂದಿಂದ ಬಂದು ಗುದ್ದಿತು. ಒಳಗ ತಮ್ಮ, ತಮ್ಮನ ಹೆಂಡ್ತಿ, ಮಗಳು. ಗಾಡಿ ಕಾಲುವಿ ದಂಡಿತನಾ ಹೋಗಿ ನಿಂತಿತ್ತು. ಮಗಳ ಕೈಗೆ ಪೆಟ್ಟು ಬಿಟ್ರ ಯಾರಿಗೂ ಏನೂ ಆಗಲಿಲ್ಲ. ಸರ ಓಡಿ ಹೋದ್ರು, ಮೂರೂ ಮಂದಿ ಮೈ ಮುಟ್ಟಿ ನೋಡಿದ್ರು. ಮರುದಿನ ಲ್ಯಾಬಿಗೆ ಬಂದು, ಬಾಗಿಲದಾಗ ನಿಂತು, "ತಡೀತವ್ವಾ ತಳಕಲ್. ನಮ್ಮದು ತಡೀತು" ಅಂದ್ರು. ಅವರ ಕಣ್ಣಾಗ ನೀರು ನೋಡಿದ್ದು ಅದ ಮೊದಲು.

ಕೆಟ್ಟದ್ದು ಶುರು ಆದದ್ದೂ ಅಲ್ಲಿಂದನ. ನಮ್ಮ ಕಡಿ ಒಂದು ನಂಬಿಕಿ ಐತಿ. ಜೀವ ತಗೊಂಡ ಗಾಡೀನ ಮನ್ಯಾಗ ಇಟ್ಕೊಳ್ಳಂಗಿಲ್ಲ, ಬಂದಷ್ಟಕ್ಕ ಮಾರಿಬಿಡ್ತಾರ. ಜೀವ ಉಳಿಸಿದ ಗಾಡಿ ಇದ್ರ ಅದನ್ನ ಸಾಯೂತನ ಬಿಡಂಗಿಲ್ಲ. ರಿಪೇರಿ ಮಾಡಿಸಿ, ನಿಂಬಿಹಣ್ಣು ಕಟ್ಟಿ, ಮನೀ ದೇವ್ರ ಸಮ ನೋಡ್ಕೊಂತಾರ. ತಮ್ಮನೂ ಹಂಗ ಅಂದ. "ಈ ಗಾಡಿ ನಮಗ ತಾಯಿ ಇದ್ದಂಗ ಅಣ್ಣ. ಸರಿ ಮಾಡಿಸಿ, ಎಲ್ಲಾರೂ ಅದರಾಗ ಕುಂತು ಹನುಮನಹಳ್ಳಿಗೆ ಹೋಗಿ ಕಾಯಿ ಒಡಸ್ಕೊಂಡು ಬರೂಣು."

ಸರ ಬ್ಯಾಡ ಅಂದ್ರು. "ಅದು ಒಮ್ಮೆ ಉಳಸ್ತೈತಿ ತಮ್ಮಾ. ಅದರ ಕೆಲಸ ಮುಗೀತು, ಗುಜರಿಗೆ ಹಾಕು, ಹೊಸಾದು ನಾ ಕೊಡಸ್ತೀನಿ." ತಮ್ಮನ ಹೆಂಡ್ತಿ ಸೆರಗು ಬಾಯಿಗೆ ಹಿಡ್ಕೊಂಡು, "ಭಾವಾರ, ನಮ್ಮ ಜೀವ ಉಳಿಸಿದ್ದನ್ನ ಗುಜರಿಗೆ ಹಾಕಂತ ಹೇಳಾಕ ನಿಮಗ ನಾಲಿಗಿ ಹೆಂಗ ಬರ್ತೈತ್ರಿ?" ಅಂದ್ಲಂತ.

ಗಾಡಿ ಗಂಗಾವತಿಯಾಗಿನ ಒಂದು ಟಿಂಕರಿಂಗ್ ಗ್ಯಾರೇಜಿಗೆ ಹೋತು. ಅಲ್ಲೀ ಮಿಸ್ತ್ರಿ ಬಾಯಿ ಭಾಳ ದೊಡ್ಡದು. ಸರ ಒಂದಿನ ನೋಡಾಕ ಹೋದ್ರ, ನಡುಗಂಬದ ಕಡಿ ಕೈ ಮಾಡಿ, "ಇದು ಒಳಗ ಹೋಗಿತ್ರಿ ಸಾಹೇಬ್ರ. ಗ್ಯಾಸ್ ಹಚ್ಚಿ ಕೆಂಡ ಮಾಡಿ ಎಳದ್ನಿ ನೋಡ್ರಿ, ಸೂತಾ ಹಿಡದಂಗ ನೆಟ್ಟಗ ಬಂತು. ಹೊಸಾದ್ಕಿಂತ ಛಲೋ ಆಗೈತಿ!" ಅಂದ. ಅಲ್ಲಿ ಬಣ್ಣ ಸುಟ್ಟು ಕರ್ರಗ ಆಗಿತ್ತಂತ. ಸರ ಅಲ್ಲೇ ಒಂದು ಟೈರ್ ಮ್ಯಾಲ ಕುಂತುಬಿಟ್ರಂತ.

ಆಮ್ಯಾಲ ಜಗಳ ಆತು. ಸರ ಬೈಯಾಕತ್ತಿದ ಕೂಡಲೇ ಮಿಸ್ತ್ರಿ ಮಾತು ಹೊಳ್ಳಿಸಿದ. "ಇಲ್ರೀ, ಒಳಗಿನ ಕಂಬ ಬಾಗೇ ಇದ್ದಿಲ್ಲ, ನಾ ಅದನ್ನ ಮುಟ್ಟೂ ಇಲ್ಲ. ಮ್ಯಾಲಿನ ತಗಡಿಗೆ ಅಷ್ಟ ಗ್ಯಾಸ್ ಹಚ್ಚೀನಿ" ಅಂದ. ಈ ಮಿಸ್ತ್ರಿಗಳದೂ ಒಂದು ರೂಢಿ ಐತ್ರಿ. ಬೆಂಕಿ ಹಚ್ಚದ ಮಾಡಿದ ರಿಪೇರೀನ ನಮ್ಮ ಮಂದಿ ರಿಪೇರಿ ಅನ್ನೂದಿಲ್ಲ, ಬರೇ ಸುತ್ತಿಗಿ ಬಡದ ಅಂತಾರ. ಅದಕ್ಕ ಹಚ್ಚಿದ್ರೂ ಹಚ್ಚೀನಿ ಅಂತಾರ, ಹಚ್ಚದಿದ್ರೂ ಹಚ್ಚೀನಿ ಅಂತಾರ. ಎರಡು ಮಾತಾಡಿದವನ ಯಾವ ಮಾತು ನಂಬಬೇಕು? ಸರ ಮೊದಲಿಂದು ನಂಬಿದ್ರು, ತಮ್ಮ ಎರಡನೇದ್ದು ನಂಬಿದ. ಮ್ಯಾಲಿನ ತಗಡು ಕೊಯ್ಯದ ಒಳಗಿನ ಕಂಬ ಕಾಣೂದಿಲ್ಲ, ಒಂದು ತುಣುಕು ತೆಗೀದ ಹದ ಐತೋ ಇಲ್ಲೋ ತಿಳಿಯೂದಿಲ್ಲ. "ಒಂದು ತುಣುಕು ಕೊಡೋ ತಮ್ಮಾ" ಅಂತ ಸರ ಬೇಡಿಕೊಂಡ್ರು. "ಉಳಿಸಿದ ಗಾಡಿಗೆ ಕತ್ತಿ ಹಾಕಿಸಂಗಿಲ್ಲ" ಅಂದ ತಮ್ಮ. ಸರ ಸೊರಗಿದ್ರು. ಐತಾರ ಗಂಗಾವತಿಗೆ ಹೋಗಿ, ಎಣ್ಣಿಗಾಯಿ ಮುಟ್ಟದ ಬರ್ತಿದ್ರು.

"ತಳಕಲ್, ಗಂಗಾವತಿಗೆ ಬರ್ತಿ? ತಮ್ಮನ ಗಾಡಿ ಪೂಜಾ ಐತಿ" ಅಂತ ಒಂದಿನ ಕರದ್ರು. ಅಂತೂ ಅಣ್ಣತಮ್ಮರ ರಾಜಿ ಆತು ಅಂತ ನನಗ ಖುಷಿ ಆಗಿ ರೇಷ್ಮಿ ಸೀರಿ ಉಟ್ಕೊಂಡು ಹೋದ್ನಿ. ಅಂಗಳದಾಗ ಗಾಡಿ ಹೊಸಾದರಂಗ ಹೊಳೀತಿತ್ತು, ಹೂವಿನ ಹಾರ, ಅರಿಷಿಣ, ಕುಂಕುಮ. ಒಳಗ ಎಲ್ಲಾರೂ ತಯಾರಾಗಾಕತ್ತಿದ್ರು. ಸರ ಗಾಡಿ ಹಾರ ಬಿಚ್ಚಿದ್ರು, ಮಡಿಚಿ ಕಂಪೌಂಡ್ ಗ್ವಾಡಿ ಮ್ಯಾಲ ಇಟ್ರು. ತಾವು ತಂದಿದ್ದ ಚೀಲದಿಂದ ಕಟರ್ ತೆಗದು ನೀರಿನ ಮೋಟಾರಿನ ಪ್ಲಗ್ಗಿಗೆ ಹಚ್ಚಿದ್ರು. ನನಗ ತಿಳಿಯೂದ್ರಾಗ ಕಿಡಿ ಹಾರಾಕತ್ತಿದ್ವು.

ತಮ್ಮ ಅರ್ಧಾ ಉಟ್ಟ ಧೋತ್ರದಾಗ ಓಡಿ ಬಂದ. ಹುಡುಗಿ, "ದೊಡ್ಡಪ್ಪಾ! ಏನ್ ಮಾಡಾಕತ್ತೀರಿ ದೊಡ್ಡಪ್ಪಾ!" ಅಂತ ಚೀರಿದ್ಲು. ಆಕಿ ಅವ್ವ ಅಲ್ಲೇ ಬಾಗಿಲದಾಗ ಕುಂತು ಅಳಾಕತ್ತಿದ್ಲು. ತಮ್ಮ ಪ್ಲಗ್ ಕಿತ್ತ. ಅಷ್ಟರಾಗ ತುಣುಕು ಸರ ಕೈಯಾಗ ಬಂದಿತ್ತು, ಬಿಸಿ ಇತ್ತು, ಟವಲಿನ್ಯಾಗ ಸುತ್ತಿಕೊಂಡ್ರು.

"ಇವತ್ತ ಈ ಮನಿಂದ ಹೊರಗ ಹೋದ್ರ ತಿರುಗಿ ಬರಬ್ಯಾಡ" ಅಂದ ತಮ್ಮ.

"ಆತಪಾ. ನೀವು ಬದುಕಿದ್ರ ಸಾಕು" ಅಂದ್ರು ಸರ.

ಮರುದಿನ ತುಣುಕು ನನ್ನ ಮುಂದ ಇಟ್ರು. ನಮ್ಮ ಯಂತ್ರದಾಗ ವಜ್ರದ ಮೊನಿ ಇರತೈತಿ, ಅದನ್ನ ಉಕ್ಕಿನ ಮ್ಯಾಲ ಒತ್ತಿ ಬಿದ್ದ ಗುಳಿ ನೋಡ್ತೀವಿ. ಗುಳಿ ದೊಡ್ಡದಾದ್ರ ಉಕ್ಕು ಮೆತ್ತಗ, ಸಣ್ಣದಾದ್ರ ಗಟ್ಟಿ. ವಯಸ್ಸೆಲ್ಲಾ ಸಣ್ಣ ಗುಳಿಗೆ ಹಂಬಲಿಸಿದ ಮನಷ್ಯಾ ಅವತ್ತ ದೊಡ್ಡ ಗುಳಿ ಬೀಳ್ಲಿ ಅಂತ ಕಿಟಕಿ ಕಡಿ ಮುಖ ಮಾಡಿ ನಿಂತಿದ್ರು. ನಾ ಒತ್ತಿದ್ನಿ. ನೋಡಿದ್ನಿ. ಗುಳಿ ಸಣ್ಣದಿತ್ತು. ಹೊಸಾ ಕಂಬಕ್ಕ ಎಷ್ಟಿರಬೇಕೋ ಅಷ್ಟ.

"ಇನ್ನೊಮ್ಮೆ" ಅಂದ್ರು. ಇನ್ನೊಮ್ಮೆ ಮಾಡಿದ್ನಿ. ಜಾಗಾ ಬದಲಿ ಮಾಡಿ ಮಾಡಿದ್ನಿ. ಅಷ್ಟ ಬಂತು. ಒಳಗಿನ ಕಂಬಕ್ಕ ಬೆಂಕಿ ತಾಕೇ ಇದ್ದಿಲ್ಲ. ಮಿಸ್ತ್ರಿ ಮೊದಲನೇ ಸಲ ಬಡಾಯಿ ಕೊಚ್ಚಿದ್ದ, ಎರಡನೇ ಸಲ ಖರೇ ಹೇಳಿದ್ದ. ಲಾರಿ ಗುದ್ದಿದಾಗ ಮ್ಯಾಲಿನ ತಗಡು ಚಪ್ಪಟಿ ಆಗಿತ್ತು ಅಷ್ಟ. ಸರ ಬಂದು ತುಣುಕು ತಾವ ಕೈಯಾಗ ಹಿಡದು ನೋಡಿದ್ರು.

"ಬಾಗಿದ್ದಿಲ್ಲವ್ವಾ ಇದು" ಅಂದು ನಕ್ಕರು. ಆ ನಗಿ ನೋಡಬಾರದಿತ್ತು ನಾನು. "ನಾ ಮಾಡಿದ್ದನ್ನ ನಾನ ನಂಬಲಿಲ್ಲ ನೋಡು."

ನನಗ ದುಃಖಾನೂ ಸಿಟ್ಟೂ ಒಟ್ಟಿಗೆ ಬಂತು. "ಸರ, ಇದು ನಮ್ಮಿಬ್ಬರಿಗೆ ಅಷ್ಟ ಗೊತ್ತೈತಿ. ಕೊಯ್ದದ್ದಂತೂ ಕೊಯ್ದಾಗೈತಿ. ಸುಮ್ಮನಿರ್ರಿ. ಹದ ಹೋಗಿತ್ತಂತ ತಿಳ್ಕೊಂಡು ನಿಮ್ಮ ತಮ್ಮ ಬರ್ತಾರ, ಇವತ್ತಿಲ್ಲ ನಾಳಿ ಬಂದ ಬರ್ತಾರ" ಅಂದ್ನಿ.

"ಹಂಗಾರ ಆ ಮಿಸ್ತ್ರಿ?" ಅಂದ್ರು. "ಅವನ ಕೈ ಕೆಟ್ಟದ್ದು ಅಂತ ಊರ ಮುಂದ ಅಂದೀನಿ. ನಾ ಸುಮ್ಮನಿದ್ರ ತಮ್ಮ ಮೊದಲ ಹೋಗಿ ಅವನ ಕೊಳ್ಳಪಟ್ಟಿ ಹಿಡೀತಾನ." ತುಣುಕು ಕಿಸೆದಾಗ ಹಾಕ್ಕೊಂಡು ಮಧ್ಯಾಹ್ನದ ಬಸ್ಸಿಗೆ ಗಂಗಾವತಿಗೆ ಹೋದ್ರು. ಅಲ್ಲಿ ಏನಾತು ಅಂತ ನನಗ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದಾದ ಮ್ಯಾಲ ಅವರು ಐತಾರ ಕೊಪ್ಪಳ ಬಿಟ್ಟು ಎಲ್ಲೂ ಹೋಗಲಿಲ್ಲ.

ಆ ವರ್ಷ ದಸರಾದಾಗ ನಾ ಅವರ ಮನಿಗೆ ಬನ್ನಿ ಕೊಡಾಕ ಹೋಗಿದ್ನಿ. ನಮ್ಮ ಕಡಿ ಬನ್ನಿ ದಿವಸ ಎಂಥಾ ವೈರಿ ಇದ್ರೂ ಬಂದು ಎಲಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಹಿರೇರ ಕಾಲಿಗೆ ಬೀಳ್ತಾರ. ಸರ ಹೊಸಾ ಅಂಗಿ ಹಾಕ್ಕೊಂಡು, ಎಲಿ ತಾಟಿನ್ಯಾಗ ಇಟ್ಕೊಂಡು, ಬಾಗಿಲಾ ತೆರದು ಕುಂತಿದ್ರು. ನನ್ನ ನೋಡಿ ಎದ್ದವ್ರು, ನಾನು ಅಂತ ಗೊತ್ತಾಗಿ ಮತ್ತ ಕುಂತ್ರು. ತಮ್ಮ ಬರಲಿಲ್ಲ. ಬ್ಯಾಸಗಿ ಶುರುವಿನ್ಯಾಗ ಸರ ಎದಿ ಹಿಡ್ಕೊಂಡು ಲ್ಯಾಬಿನ ಬಾಗಿಲದಾಗನ ಬಿದ್ರು. ದವಾಖಾನಿ ಮುಟ್ಟಲಿಲ್ಲ.

ಇರಕಲ್ಲಗಡಕ್ಕ ಮಣ್ಣಿಗೆ ಹೋದ್ವಿ. ತಮ್ಮ ಬಂದಿದ್ದ. ಎಲ್ಲಾ ಮುಗದು ಮಂದಿ ಚದುರಿದ ಮ್ಯಾಲ ನನ್ನ ಹತ್ರ ಬಂದ.

"ಅಕ್ಕಾರ, ಆ ತುಣುಕು ನೋಡಿದವ್ರು ನೀವ ಅಲ್ರಿ?"

"ಹೌದ್ರಿ."

"ಅವತ್ತ ಅಣ್ಣ ಮನೀ ಮುಂದ ಬಂದು ನಿಂತಿದ್ದ. ನಾ ಒಳಗಿಂದ ಚಿಲಕಾ ಹಾಕಿದ್ನಿ. ಆದ್ರ ಖರೇ ಹೇಳ್ತೀನಿ, ಕೈ ಚಿಲಕದ ಮ್ಯಾಲ ಇತ್ತು. ನಮ್ಮ ಜೀವಕ್ಕ ಅಂತ ಕೊಯ್ದಾನ, ಕಂಬ ಕೆಟ್ಟಿತ್ತು ಅಂತ ಅಂವ ಹೇಳ್ಲಿ, ತೆಗದುಬಿಡ್ತೀನಿ ಅಂತ ನಿಂತಿದ್ನಿ." ಅಂವ ಧೋತ್ರದ ಚುಂಗಿಲೆ ಮಾರಿ ಒರೆಸಿಕೊಂಡ. "ಅಂವ ಹೊರಗಿಂದ, 'ತಮ್ಮಾ, ಗಾಡಿ ಛಲೋ ಇತ್ತು, ನಂದ ತಪ್ಪು' ಅಂದ. ಚಿಲಕದ ಮ್ಯಾಲಿನ ಕೈ ಹಿಂದಕ್ಕ ತಗೊಂಡ್ನಿ. ಬರೇ ಅನುಮಾನಕ್ಕ ನಮ್ಮನ್ನ ಊರ ಮುಂದ ನಗಿಗೇಡು ಮಾಡಿದ್ನಲ್ಲ ಅಂತ. ಅಂವ ಭಾಳ ಹೊತ್ತು ಅಲ್ಲೇ ನಿಂತಿದ್ದ ಅಕ್ಕಾರ. ಅವನ ಉಸಿರು ಕೇಳ್ತಿತ್ತು ನನಗ."

ಅಂವ ಮಣ್ಣು ಮುಚ್ಚಿದ ಕಡಿ ತಿರುಗಿದ.

"ಒಂದು ಸುಳ್ಳು ಹೇಳಿದ್ರ ನಾ ಬಾಗಿಲಾ ತೆಗೀತಿದ್ನಿ."